ಟ್ರೇ ಹಿಡಿದು ಬಂದವನು

ಪ್ರೀತಿಯ ಕ್ಯಾಪ್ಟನ್,

ಹೇಗಿದ್ದೀಯೋ? ಮಂಡಿ ನೋವು ಕಡಿಮೆ ಆಯಿತಾ? ಛತ್ರಿ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ. ನಾಲ್ಕು ಜನ ಓದುವ ಪತ್ರ ಇದು, ನಿನ್ನ ಮರ್ಯಾದೆ ನನ್ನ ಜವಾಬ್ದಾರಿ.

ಫೋನ್ ಮಾಡಿ ಹೇಳಬಹುದಿತ್ತು. ಎರಡು ಸಲ ಮಾಡಿದೆ ಕೂಡ. ಎರಡು ಸಲವೂ ಬೇರೆ ಏನೋ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಒಂದು ರಾತ್ರಿ ನಿದ್ದೆ ಬರದೆ ಸುಮ್ನೆ ಫೋನ್ ನೋಡುತ್ತಾ ಮಲಗಿದ್ದೆ. ನಿಮ್ಮ ಮನೆಯಲ್ಲಿ ಸೋಫಾ ಕೆಳಗೆ ಕೂತು ನೋಡುತ್ತಿದ್ದೆವಲ್ಲ, ಆ ಹಳೇ ಇಂಗ್ಲಿಷ್ ಕಾಮಿಡಿ ಸೀರಿಯಲ್, ಅದರ ಒಂದು ತುಣುಕು ಕಣ್ಣಿಗೆ ಬಿತ್ತು. ಟ್ರೇ ಹಿಡಿದು ಬರುವ ವೇಟರ್. ನೆನಪಾಯಿತಾ? ಅವನ ನಡಿಗೆಯನ್ನು ನಾವಿಬ್ಬರೂ ಎಷ್ಟು ಸಲ ಮಾಡಿ ತೋರಿಸಿದ್ದೇವೆ, ಲೆಕ್ಕವೇ ಇಲ್ಲ. ಸೊಂಟ ಬಳುಕಿಸಿ, ಕಿರುಬೆರಳು ಎತ್ತಿ.

ಪಕ್ಕದ ಕೋಣೆಯಲ್ಲಿ ಎಲ್ಲರೂ ಮಲಗಿದ್ದರು. ಸೌಂಡ್ ಬಂದ್ ಮಾಡಿ ನೋಡಿದೆ. ಕಂಡದ್ದು ಇಷ್ಟೆ. ಒಬ್ಬ ಮನುಷ್ಯ ಹೆಗಲಿನಿಂದ ಬಾಗಿಲು ತಳ್ಳಿ ಒಳಗೆ ಬಂದ. ಟ್ರೇ ಮೇಲೆ ನಾಲ್ಕು ಕಪ್. ಒಂದು ಹನಿಯೂ ಚೆಲ್ಲದ ಹಾಗೆ ಬಗ್ಗಿ, ಒಂದೊಂದಾಗಿ ಮೇಜಿನ ಮೇಲೆ ಇಟ್ಟ. ಕೊನೆಯ ಕಪ್ಪಿನ ಹಿಡಿ ಕೂತಿದ್ದವರ ಬಲಗೈಗೆ ಸಿಗುವ ಹಾಗೆ ಸ್ವಲ್ಪ ತಿರುಗಿಸಿದ. ಹೊರಟುಹೋದ. ಎಷ್ಟು ನಾಜೂಕು ಕಣೋ ಆ ಕೆಲಸ! ಅಷ್ಟು ಸಲ ನೋಡಿದ್ದೇವೆ, ಆ ಕಪ್ ತಿರುಗಿಸಿದ್ದು ಒಂದು ಸಲವೂ ಕಾಣಿಸಿರಲಿಲ್ಲ.

ಆಮೇಲೆ ಇಯರ್‌ಫೋನ್ ಹಾಕಿಕೊಂಡು ಮತ್ತೆ ನೋಡಿದೆ. ಅವನು ಬಾಗಿಲಲ್ಲಿ ಕಾಲಿಡುತ್ತಿದ್ದ ಹಾಗೇ ನಗು ಶುರು. ಬಾಯಿ ತೆರೆದಿಲ್ಲ, ಎಡವಿಲ್ಲ, ಏನನ್ನೂ ಬೀಳಿಸಿಲ್ಲ. ಅವನು ಬಂದದ್ದೇ ಜೋಕ್.

1950ರ ದಶಕದಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ಒಂದು ನಗುವ ಪೆಟ್ಟಿಗೆ ಮಾಡಿದರು. ಒಳಗೆ ಬೇರೆ ಬೇರೆ ಜನರ ನಗು ಟೇಪಿನಲ್ಲಿ ತುಂಬಿರುತ್ತಿತ್ತು. ಒಂದು ಕೀಲಿ ಒತ್ತಿದರೆ ಕಿಸಕ್ಕನೆ ಒಂದು ನಗು, ಇನ್ನೊಂದು ಒತ್ತಿದರೆ ಹೊಟ್ಟೆ ಹಿಡಿದುಕೊಂಡು ನಗುವ ಗುಂಪು. ಎಲ್ಲಿ ನಗಬೇಕು ಅಂತ ನೋಡುವವರ ಪರವಾಗಿ ಬೇರೆಯವರು ತೀರ್ಮಾನ ಮಾಡಿ ಮುಗಿಸಿರುತ್ತಿದ್ದರು. ನಮ್ಮ ವೇಟರ್‌ಗೆ ಬಿದ್ದ ನಗು ಪೆಟ್ಟಿಗೆಯಿಂದ ಬಂತೋ, ಎದುರು ಕೂತ ಜನರಿಂದ ಬಂತೋ. ಸೋಫಾ ಕೆಳಗೆ ಕೂತ ಇಬ್ಬರು ಹುಡುಗರಂತೂ ಅದಕ್ಕೆ ಸರಿಯಾಗಿ ನಕ್ಕರು.

ಇಂಥವನನ್ನು ಮೊದಲು ಯಾರು ಮಾಡಿದರು ಅಂತ ಆ ವಾರ ಪೂರ್ತಿ ಓದಿದೆ. ಹಾಲಿವುಡ್‌ನಲ್ಲಿ ಹೇಸ್ ಕೋಡ್ ಅಂತ ಒಂದು ನಿಯಮಾವಳಿ ಇತ್ತು. 1930ರಲ್ಲಿ ಬಂದದ್ದು, 1934ರಿಂದ ಬಿಗಿಯಾಯಿತು, 1968ರವರೆಗೆ ಉಳಿಯಿತು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದನ್ನು ಅದು ವಿಕೃತಿ ಅಂತ ಕರೆಯಿತು. ಅದರ ಸುಳಿವೂ ತೆರೆಯ ಮೇಲೆ ಇರಬಾರದು. 1961ರಲ್ಲಿ ಸ್ವಲ್ಪ ಸಡಿಲ ಮಾಡಿದರು, ಅಷ್ಟೆ.

ಹಾಗಂತ ತೋರಿಸದೆ ಬಿಟ್ಟರಾ? ಸನ್ನೆಯಲ್ಲಿ ತೋರಿಸಿದರು. 1941ರ ‘ದಿ ಮಾಲ್ಟೀಸ್ ಫಾಲ್ಕನ್’ನಲ್ಲಿ ಪೀಟರ್ ಲೋರ್ ಮಾಡಿದ ಜೋಯೆಲ್ ಕೈರೋ ಎಂಬ ಪಾತ್ರ ಇದೆ. ಅವನಿಗಿಂತ ಮೊದಲು ಅವನ ವಿಸಿಟಿಂಗ್ ಕಾರ್ಡ್ ಒಳಗೆ ಬರುತ್ತದೆ. ಅದಕ್ಕೆ ಗಾರ್ಡೇನಿಯಾ ಹೂವಿನ ಘಮ. ಮೂಲ ಕಾದಂಬರಿಯಲ್ಲಿ ಬಾಯಿಬಿಟ್ಟು ಹೇಳಿದ್ದನ್ನು ಸಿನಿಮಾ ಸೆಂಟಿನಲ್ಲಿ ಹೇಳಿತು. ನೋಡಿದವರಿಗೆ ಅರ್ಥವಾಯಿತು, ಇವನು ಬೇರೆ ತರ, ಇವನನ್ನು ನಂಬಬಾರದು ಅಂತ. ವಿಟೋ ರೂಸೋ ಎಂಬ ಲೇಖಕರು ಇಂಥ ಪಾತ್ರಗಳನ್ನೆಲ್ಲ ಹುಡುಕಿ 1981ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಗೆಪಾಟಲಾಗುವವನು, ಕೆಟ್ಟವನು, ಕೊನೆಗೆ ಸಾಯುವವನು. ಜಾಸ್ತಿ ಜನರ ಪಾಲಿಗೆ ಬಂದದ್ದು ಇವೇ.

ಅದೇ ಕೋಡ್ ಬಿಳಿಯರು ಮತ್ತು ಕಪ್ಪು ಜನರ ನಡುವಿನ ಪ್ರೇಮವನ್ನೂ ತೋರಿಸಬಾರದು ಅಂದಿತ್ತು. ಏಷ್ಯಾದವರಿಗೂ ಅದರ ಬಿಸಿ ತಟ್ಟಿತು. ಆನಾ ಮೇ ವಾಂಗ್ ಅಂತ ಒಬ್ಬ ನಟಿ ಇದ್ದರು. ಚೀನೀ ಮನೆತನ, ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲೇ. 1937ರಲ್ಲಿ ಚೀನಾದ ರೈತ ದಂಪತಿಯ ಕಥೆ ಇಟ್ಟುಕೊಂಡು ‘ದಿ ಗುಡ್ ಅರ್ತ್’ ಸಿನಿಮಾ ಬಂತು. ಇಂಥ ಪಾತ್ರಕ್ಕೆ ಅವರಿಗಿಂತ ಬೇರೆ ಯಾರು ಬೇಕಿತ್ತು ಹೇಳು? ಆದರೆ ಗಂಡನ ಪಾತ್ರವನ್ನು ಬಿಳಿಯ ನಟ ಪಾಲ್ ಮುನಿಗೆ ಮೇಕಪ್ ಹಾಕಿ ಮಾಡಿಸಿದ್ದರು. ಬಣ್ಣ ಹಚ್ಚಿದ ಗಂಡನ ಪಕ್ಕ ನಿಜವಾದ ಚೀನೀ ಹೆಂಡತಿ ನಿಲ್ಲುವ ಹಾಗಿಲ್ಲ! ಆ ಪಾತ್ರ ಬಿಳಿಯ ನಟಿ ಲೂಯಿಸ್ ರೈನರ್‌ಗೆ ಹೋಯಿತು, ಅವರಿಗೆ ಆಸ್ಕರ್ ಕೂಡ ಬಂತು. 2022ರಲ್ಲಿ ಅಮೆರಿಕ ಆನಾ ಮೇ ವಾಂಗ್ ಮುಖವನ್ನು ಕಾಲು ಡಾಲರ್ ನಾಣ್ಯದ ಮೇಲೆ ಅಚ್ಚು ಹಾಕಿತು. ಅಷ್ಟು ಹೊತ್ತಿಗೆ ಅವರು ತೀರಿಕೊಂಡು 61 ವರ್ಷ ಆಗಿತ್ತು. ನನಗೆ ಇದನ್ನು ಓದಿ ಸಿಟ್ಟು ಬಂತು, ಈಗ ಬರೆಯುವಾಗಲೂ ಬರುತ್ತಿದೆ.

1940ರಲ್ಲಿ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಹ್ಯಾಟಿ ಮೆಕ್‌ಡೇನಿಯಲ್. ಮನೆಗೆಲಸದವಳ ಪಾತ್ರಕ್ಕೆ. ಪ್ರಶಸ್ತಿ ಕೊಟ್ಟ ಆ ರಾತ್ರಿ ಅವರನ್ನು ಕೂರಿಸಿದ್ದು ತಮ್ಮ ಸಿನಿಮಾದವರಿಂದ ದೂರ, ಗೋಡೆ ಪಕ್ಕದ ಬೇರೆ ಮೇಜಿನಲ್ಲಿ.

ಮಕ್ಕಳ ಸಿನಿಮಾ ಕೂಡ ಬಿಡಲಿಲ್ಲ. 1992ರ ‘ಅಲಾದೀನ್’ ಕಾರ್ಟೂನಿನ ಮೊದಲ ಹಾಡಿನಲ್ಲಿ, ಮುಖ ಇಷ್ಟವಾಗದಿದ್ದರೆ ಕಿವಿ ಕತ್ತರಿಸುವ ಊರು ನಮ್ಮದು ಅಂತ ಅರಬ್ ವ್ಯಾಪಾರಿಯ ಬಾಯಲ್ಲಿ ಹಾಡಿಸಿದ್ದರು. ಅರಬ್ ಅಮೆರಿಕನ್ನರು ಜಗಳ ಮಾಡಿದ ಮೇಲೆ 1993ರಲ್ಲಿ ಆ ಸಾಲು ಬದಲಾಯಿತು. ಅನಾಗರಿಕ ಊರು ಅನ್ನುವ ಮುಂದಿನ ಸಾಲು ಹಾಗೇ ಉಳಿಯಿತು. ಜಾಕ್ ಶಾಹೀನ್ ಎಂಬ ಪ್ರೊಫೆಸರ್ 900ಕ್ಕೂ ಹೆಚ್ಚು ಸಿನಿಮಾ ಜಾಲಾಡಿ ನೋಡಿದರು. ಒಳ್ಳೆಯ, ಸಾಮಾನ್ಯ ಅರಬ್ ಮನುಷ್ಯ ಸಿಕ್ಕಿದ್ದು ತೀರಾ ಕಡಿಮೆ ಸಿನಿಮಾಗಳಲ್ಲಿ. ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, ನಿನ್ನ ಮೆಚ್ಚಿನ ಹತ್ತು ಸಿನಿಮಾ ಪಟ್ಟಿ ಇದೆಯಲ್ಲ, ಅದನ್ನೇ ತೆಗೆದು ನೋಡು. ಅದರಲ್ಲಿ ಎಷ್ಟರಲ್ಲಿ ಇಬ್ಬರು ಹೆಂಗಸರು ಗಂಡಸಿನ ವಿಷಯ ಬಿಟ್ಟು ಬೇರೆ ಏನಾದರೂ ಮಾತಾಡಿಕೊಳ್ಳುತ್ತಾರೆ? ಅಲಿಸನ್ ಬೆಕ್ಡೆಲ್ 1985ರಲ್ಲೇ ತಮ್ಮ ಕಾಮಿಕ್ಸಿನಲ್ಲಿ ಕೇಳಿದ ಪ್ರಶ್ನೆ ಇದು.

ಇಷ್ಟೆಲ್ಲ ಓದಿದಾಗ ಒಂದು ಒಳ್ಳೆಯ ಸಂಗತಿಯೂ ಸಿಕ್ಕಿತು. ಮೇ ಜೆಮಿಸನ್, ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ, 1992ರಲ್ಲಿ. ಚಿಕ್ಕವರಿದ್ದಾಗ ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶದ ಟೀವಿ ಸೀರಿಯಲ್‌ನಲ್ಲಿ ಕಪ್ಪು ನಟಿ ನಿಶೆಲ್ ನಿಕೋಲ್ಸ್ ಮಾಡಿದ ಉಹುರಾ ಪಾತ್ರ ನೋಡಿ ಅವರಿಗೆ ಧೈರ್ಯ ಬಂದಿತ್ತಂತೆ. ತನ್ನಂಥ ಒಬ್ಬಳು ಹೆಂಗಸು, ನೌಕೆಯಲ್ಲಿ, ಅಧಿಕಾರಿಯಾಗಿ ಕೂತಿದ್ದಾಳೆ.

ಇದನ್ನು ಓದಿ ಅತ್ತುಬಿಟ್ಟೆ ಕ್ಯಾಪ್ಟನ್. ನಾನು ಚಿಕ್ಕವನಿದ್ದಾಗ ನನ್ನಂಥವನು ಅಂತ ತೆರೆಯ ಮೇಲೆ ಕಂಡದ್ದು ಆ ಟ್ರೇ ಹಿಡಿದವನು ಒಬ್ಬನೇ.

ನಾನು ಹಾಗೇ ನಡೆಯುತ್ತಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ. ಒಂದು ದಿನ ನಾನು ಅವನನ್ನು ಅಣಕಿಸಿ ತೋರಿಸಿದಾಗ ನೀನು ನಕ್ಕು ನಕ್ಕು, “ನೀನು ಮಾಡಿದ್ರೆ ಥೇಟ್ ಅವನೇ ಕಣೋ” ಅಂದೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನಗೆ ಗೊತ್ತು. ಆದರೆ ಅವತ್ತು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಹಿಮ್ಮಡಿ ಊರಿ ನಡೆಯುವುದನ್ನು ಅಭ್ಯಾಸ ಮಾಡಿದೆ. ಕೈ ಬೀಸಬಾರದು, ಭುಜ ಬಿಗಿ ಇರಬೇಕು. ನಿಮ್ಮೆದುರು ಅಣಕಿಸುವುದನ್ನು ಇನ್ನೂ ಜಾಸ್ತಿ ಮಾಡಿದೆ. ಅಣಕ ಅಂತ ಎಲ್ಲರಿಗೂ ಗೊತ್ತಾಗಿಬಿಟ್ಟರೆ ಅದೇ ನಿಜ ಅಂತ ಯಾರಿಗೂ ಅನ್ನಿಸುವುದಿಲ್ಲ, ಅಲ್ವಾ? ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಆ ಮನುಷ್ಯನನ್ನು ಬಿಟ್ಟುಕೊಟ್ಟು ನಾನು ಬಚಾವಾದೆ. ಇವತ್ತಿಗೂ ಯಾರಾದರೂ ಹಿಂದೆ ನಡೆದು ಬರುತ್ತಿದ್ದಾರೆ ಅಂತ ಗೊತ್ತಾದರೆ ನನ್ನ ಭುಜ ತಾನಾಗೇ ಬಿಗಿಯುತ್ತದೆ.

ನಡಿಗೆಯ ಆಚೆಗೂ ಒಂದು ಮಾತು ಇದೆ. ನಿನಗೆ ಇಷ್ಟು ಹೊತ್ತಿಗೆ ಅರ್ಥವಾಗಿರುತ್ತದೆ. ಬಹುಶಃ ಯಾವಾಗಲೋ ಅರ್ಥವಾಗಿತ್ತು, ನೀನು ಕೇಳಲಿಲ್ಲ, ಅಷ್ಟೆ. ಇಷ್ಟು ಬರೆಯಬೇಕು ಅಂತ ಕೂತವನಲ್ಲ ನಾನು.

ಸಾಕು. ಮುಂದಿನ ತಿಂಗಳು ಬರುತ್ತೀಯಲ್ಲ, ಆಗ ಆ ತುಣುಕನ್ನು ಸೌಂಡ್ ಇಲ್ಲದೆ ಇಬ್ಬರೂ ಕೂತು ನೋಡೋಣ. ಕಪ್ ತಿರುಗಿಸುವುದನ್ನು ನಿನಗೆ ತೋರಿಸಬೇಕು. ಸೋಫಾ ಮೇಲೇ ಕೂರೋಣ, ನಿನ್ನ ಮಂಡಿ ಕೆಳಗೆ ಕೂರುವ ಸ್ಥಿತಿಯಲ್ಲಿಲ್ಲ. ಪಟ್ಟಿಯ ಹತ್ತನೇ ಸಿನಿಮಾ ಬಗ್ಗೆ ನನ್ನ ತಕರಾರು ಹಾಗೇ ಇದೆ, ತಯಾರಾಗಿ ಬಾ.

ಛತ್ರಿ ತರುವುದು ಮರೆಯಬೇಡ.

ನಿನ್ನ,
ಮೂರನೇ ಮೆಟ್ಟಿಲು