ಮಂಗಳಾರತಿಗೂ ಮುಖ ತೋರದ ದೇವರು

ಪ್ರೀತಿಯ ಗೆಳೆಯ,

ತರಬೇತಿಗೆಂದು ಟೋಕಿಯೊಗೆ ಹೋದವನು ಕಾರ್ಖಾನೆ ಬಿಟ್ಟು ಬೇರೇನಾದರೂ ನೋಡಿದೆಯಾ ಎಂದು ಕೇಳಿದ್ದೆಯಲ್ಲ, ನೋಡಿದೆ. ಅಸಾಕುಸಾದಲ್ಲಿರುವ ಸೆನ್ಸೋಜಿ, ಆ ನಗರದ ಅತಿ ಹಳೆಯ ಬೌದ್ಧ ದೇಗುಲ.

ಕ್ರಿ.ಶ. 628ರಲ್ಲಿ ಸುಮಿದಾ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಅಣ್ಣತಮ್ಮಂದಿರ ಬಲೆಗೆ ಕನ್ನೋನ್ ವಿಗ್ರಹ ಸಿಕ್ಕಿತಂತೆ. ಕನ್ನೋನ್ ಬೇರೆ ಯಾರೂ ಅಲ್ಲ, ಬೌದ್ಧರು ಕರುಣೆಯ ಮೂರ್ತಿಯೆಂದು ಪೂಜಿಸುವ ನಮ್ಮ ಅವಲೋಕಿತೇಶ್ವರನೇ. 645ರಲ್ಲಿ ಶೋಕಾಯ್ ಎಂಬ ಭಿಕ್ಷು ಗುಡಿ ಕಟ್ಟಿಸಿ, ವಿಗ್ರಹವನ್ನು ಯಾರ ಕಣ್ಣಿಗೂ ಬೀಳದಂತೆ ಮರೆಯಲ್ಲಿಟ್ಟರು. ಪೂಜೆ ನಡೆಯುತ್ತದೆ, ಕಾಣಿಕೆ ಬೀಳುತ್ತಲೇ ಇರುತ್ತದೆ, ದರ್ಶನ ಮಾತ್ರ ಇಲ್ಲ. ಡಿಸೆಂಬರ್ 13ರಂದು ಅದರ ಬದಲಿಗೆ ಇನ್ನೊಂದು ವಿಗ್ರಹವನ್ನು ತೋರಿಸುತ್ತಾರೆ, ಅಷ್ಟೇ. ಜೊತೆಗಿದ್ದ ಬೆಂಗಳೂರಿನವನಿಗೆ ಇದು ವಿಚಿತ್ರವಾಗಿ ಕಂಡಿತು. ಕೋಲಾರಮ್ಮನನ್ನು ಕನ್ನಡಿಯಲ್ಲಿ ನೋಡಿ ಕೈಮುಗಿಯುತ್ತ ಬೆಳೆದ ನನಗೆ ಹಾಗೇನೂ ಅನ್ನಿಸಲಿಲ್ಲ.

ಕಟ್ಟಡ ಮಾತ್ರ ಹಳೆಯದಲ್ಲ. 1945ರ ಮಾರ್ಚ್‌ನ ಬಾಂಬ್ ದಾಳಿಯಲ್ಲಿ ಮುಖ್ಯ ಮಂದಿರ ಸುಟ್ಟುಹೋಗಿ, 1958ರಲ್ಲಿ ಕಾಂಕ್ರೀಟಿನಲ್ಲಿ ಎದ್ದು ನಿಂತಿತು.

ನಿಜ ಹೇಳಬೇಕೆಂದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಗುಡಿಯ ಮುಂದಿನ ನಕಾಮಿಸೆ ಬೀದಿ. ದೊಡ್ಡ ಕೆಂಪು ಲಾಂದ್ರ ತೂಗುವ ಹೆಬ್ಬಾಗಿಲು ದಾಟಿದರೆ ಸುಮಾರು 250 ಮೀಟರ್ ಉದ್ದಕ್ಕೂ ಎರಡೂ ಬದಿ ಅಂಗಡಿಗಳು. ಹಿಂದೆ ದೇಗುಲದ ಆವರಣ ಗುಡಿಸುವ ಚಾಕರಿ ಮಾಡುತ್ತಿದ್ದ ನೆರೆಹೊರೆಯವರಿಗೆ ಇಲ್ಲಿ ವ್ಯಾಪಾರದ ಹಕ್ಕು ಕೊಟ್ಟಿದ್ದರಂತೆ. ಅಲ್ಲಿಂದ ಬೆಳೆದ ಪೇಟೆ ಇದು. ಒಂದು ಅಂಗಡಿಯಲ್ಲಿ ಮುದುಕರೊಬ್ಬರು ಜೋಡಿ ಕಬ್ಬಿಣದ ಅಚ್ಚಿಗೆ ಹಿಟ್ಟು ಹೊಯ್ದು, ನಡುವೆ ಕೆಂಪು ಕಾಳಿನ ಹೂರಣವಿಟ್ಟು, ಟಪ್ಪೆಂದು ಮುಚ್ಚಿ, ಬೆಂಕಿಯ ಮೇಲೆ ಮಗುಚುತ್ತಿದ್ದರು. ತೆರೆದಾಗ ಪುಟ್ಟ ಗೋಪುರ, ಪುಟ್ಟ ಲಾಂದ್ರ; ಅಂಚಿಗೆ ಅಂಟಿದ ಹೆಚ್ಚುವರಿ ಹಿಟ್ಟನ್ನು ಅವರು ಬೆರಳಿನಿಂದಲೇ ಮುರಿದು ಹಾಕುತ್ತಿದ್ದರು. ಇದರ ಹೆಸರು ನಿಂಗ್ಯೋಯಾಕಿ. ಕೊಂಡದ್ದನ್ನು ತಿನ್ನುತ್ತಾ ನಡೆಯುವಂತಿಲ್ಲ, ಅಂಗಡಿಯ ಮುಂದೆಯೇ ನಿಂತು ಮುಗಿಸಬೇಕು. ಜಾತ್ರೆಯಲ್ಲಿ ಪುರಿ ಮೆಲ್ಲುತ್ತ ಅಲೆದವರಿಗೆ ಇದೊಂದು ಶಿಕ್ಷೆ.

ನೂರು ಯೆನ್ ಹಾಕಿ ಶಕುನವನ್ನೂ ಕೇಳಿದೆ. ಲೋಹದ ಡಬ್ಬಿ ಕುಲುಕಿದರೆ ಸಣ್ಣ ತೂತಿನಿಂದ ಕಡ್ಡಿಯೊಂದು ಹೊರಬರುತ್ತದೆ. ಅದರಲ್ಲಿರುವ ಸಂಖ್ಯೆಯ ಖಾನೆ ಎಳೆದು ಚೀಟಿ ತೆಗೆದುಕೊಳ್ಳಬೇಕು. ನೂರರಲ್ಲಿ 30 ಚೀಟಿಗಳು ಅಶುಭದವೇ, ಮುಲಾಜಿಲ್ಲ. ನನಗೂ ಅದೇ ಬಂತು. ಅಲ್ಲೇ ಇರುವ ಕಂಬಿಗೆ ಚೀಟಿ ಕಟ್ಟಿದರೆ ದೋಷ ಅಲ್ಲೇ ಉಳಿಯುತ್ತದೆಂಬ ನಂಬಿಕೆ, ಕಟ್ಟಿಬಂದೆ. ನಮ್ಮಮ್ಮ ಸಿಕ್ಕರೆ ಇದನ್ನೆಲ್ಲ ಹೇಳಬೇಡ ಮಾರಾಯ, ಆ ಕಂಬಿಯನ್ನು ನಂಬದೆ ಇನ್ನೊಂದು ಹರಕೆ ಹೊತ್ತುಬಿಡುತ್ತಾರೆ.

ನಿನ್ನ ಗೆಳೆಯ