ನಮ್ಮ ಐಟಿಐ ಪೇಂಟ್ ಬೂತಿಗೆ ಬೆಂಕಿ ರಕ್ಷಣೆ ಹಾಕಿಸ್ಬೇಕು, ಸಹಾಯ ಮಾಡಿ

ಎಲ್ರಿಗೂ ನಮಸ್ಕಾರ. ರಾಮನಗರದ ಹತ್ರ ನಮ್ಮ ಟ್ರಸ್ಟ್ ನಡೆಸ್ತಿರೋ ಐಟಿಐ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು, ಎಷ್ಟೋ ಜನ ಇಲ್ಲೇ ಕಲ್ತು ಈಗ ಬಿಡದಿ, ಪೀಣ್ಯ ಕಡೆ ಕೆಲಸದಲ್ಲಿದೀರ. ಈ ಸಲ ಕೇಳ್ತಿರೋದು ಕಟ್ಟಡಕ್ಕಲ್ಲ, ಯೂನಿಫಾರ್ಮಿಗೂ ಅಲ್ಲ. ಪೇಂಟರ್ ಟ್ರೇಡ್ ಹುಡುಗ್ರು ಸ್ಪ್ರೇ ಹೊಡೆಯೋ ಆ ತಗಡಿನ ಬೂತ್ ಇದ್ಯಲ್ಲ, ಅದಕ್ಕೆ.

ಹೋದ ಆಯುಧ ಪೂಜೆ ದಿನ ಏನಾಯ್ತು ಅಂತ ಮುಚ್ಚುಮರೆ ಇಲ್ದೆ ಹೇಳ್ತೀನಿ. ಎಂದಿನ ಹಾಗೆ ಲೇತ್‌ಗೆ, ಕಂಪ್ರೆಸರ್‌ಗೆ, ಸ್ಪ್ರೇ ಗನ್ನಿಗೂ ಅರಿಶಿನ ಕುಂಕುಮ ಇಟ್ಟು ಬಾಳೆಕಂದು ಕಟ್ಟಿದ್ವಿ, ಆರತಿ ತಟ್ಟೇಲಿ ಕರ್ಪೂರ ಹಚ್ಚಿ ಒಬ್ಬೊಬ್ಬರಾಗಿ ಮೆಷಿನ್‌ಗೆ ಬೆಳಗ್ತಾ ಬಂದ್ವಿ, ಬೂತ್ ಮುಂದೆ ಬಂದಾಗ ತಟ್ಟೆ ಕೆಳಗಿಟ್ಟು ಕುಂಬಳಕಾಯಿ ತರೋಕೆ ಹೋದ್ರು. ಹಿಂದಿನ ದಿನ ಗನ್ ತೊಳೆದಿದ್ದ ಥಿನ್ನರ್ ಡಬ್ಬ ಬೂತ್ ಮೂಲೇಲಿ ಮುಚ್ಚಳ ಇಲ್ದೆ ಇತ್ತು, ಯಾರೂ ನೋಡಿರ್ಲಿಲ್ಲ. ನೆಲದ ಮೇಲೆ ನೀಲಿ ಬಣ್ಣದ ಒಂದು ಉರಿ, ಹಾವು ಹರಿದಂಗೆ, ತಟ್ಟೆಯಿಂದ ಡಬ್ಬದ ಕಡೆಗೆ ಹೋಯ್ತು. ಒಬ್ಬ ಹುಡುಗ ಬಕೆಟ್ ನೀರು ಎತ್ಕೊಂಡು ಓಡಿಬಂದ, ನಮ್ಮ ಮೇಷ್ಟ್ರು "ನೀರು ಹಾಕ್ಬೇಡ್ವೋ!" ಅಂತ ಕಿರುಚಿ ಅವನ ಕೈ ಹಿಡ್ಕೊಂಡು, ಇನ್ನೊಂದು ಕೈಲಿ ಮರಳಿನ ಬಕೆಟ್ ಸುರಿದ್ರು. ನೀರು ಹಾಕಿದ್ರೆ ಥಿನ್ನರ್ ತೇಲ್ಕೊಂಡು ಶೆಡ್ಡೆಲ್ಲಾ ಹರಡ್ತಿತ್ತು. ಒಬ್ಬನ ಚಪ್ಪಲಿ ಸುಟ್ಟಿದ್ದು ಬಿಟ್ರೆ ಯಾರಿಗೂ ಏನೂ ಆಗ್ಲಿಲ್ಲ. ನಮ್ಮ ಅದೃಷ್ಟ ಅಷ್ಟೇ.

ಆಮೇಲೆ ಕೂತು ನೋಡಿದಾಗ ಗೊತ್ತಾಗಿದ್ದು, ಕರ್ಪೂರ ಒಂದು ನೆಪ ಮಾತ್ರ. ಥಿನ್ನರಲ್ಲಿರೋ ಟಾಲ್ವೀನ್ 4 ಡಿಗ್ರಿ ಚಳೀಲೂ ಕಿಡಿ ಸಿಕ್ರೆ ಹತ್ಕೊಳ್ಳೋವಷ್ಟು ಆವಿ ಬಿಡುತ್ತೆ, ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಕೇಳ್ಲೇಬೇಡಿ. ಆ ಆವಿ ಗಾಳಿಗಿಂತ ಭಾರ, ನೆಲ ಹಿಡ್ಕೊಂಡೇ ಹರಿಯುತ್ತೆ. ಇನ್ನು ಬೂತಿನ ಎಕ್ಸಾಸ್ಟ್ ಫ್ಯಾನು ಅಂಗಡೀಲಿ ಸಿಗೋ ಮಾಮೂಲಿದು, ಒಳಗೆ ಕಿಡಿ ಹಾರಬಹುದಾದ ಮೋಟರ್ ಆ ಆವಿ ಮಧ್ಯಾನೇ ತಿರುಗ್ತಿತ್ತು! ಆವಿ ಹೊರಗೆ ಹೋಗೋ ಕೊಳವೆ, ಅಂದ್ರೆ ಡಕ್ಟ್ ಬಿಚ್ಚಿಸಿದ್ವಿ, ಒಳಗೆ ಹಳೇ ಪೇಂಟ್ ಅರ್ಧ ಬೆರಳು ದಪ್ಪ, ಮರದ ತೊಗಟೆ ಥರ ಪದರ ಪದರ, ಉಗುರಲ್ಲಿ ಕಿತ್ರೆ ಕಲರ್ ಕಲರ್ ಆಗಿ ಬರ್ತಿತ್ತು. ಎನ್‌ಸಿ ಪೇಂಟ್ ಅಂದ್ರೆ ನೈಟ್ರೋಸೆಲ್ಯುಲೋಸು, ಅದರ ಒಣ ಪುಡಿ ಗುಡ್ಡೆ ಬಿದ್ರೆ ಕಿಡಿ ಇಲ್ದೆ ತಾನೇ ಬಿಸಿಯಾಗಿ ಹತ್ಕೊಳ್ಳೋದೂ ಉಂಟು. ಕಿಡಿ ಹಾರುತ್ತೆ ಅಂತ ಕಬ್ಬಿಣದ ಉಳಿ ಮುಟ್ಟಿಸ್ದೆ ಹಿತ್ತಾಳೆ ಪಟ್ಟೀಲಿ ಕೆರೆದು ಕೆರೆದು ನೀರಿನ ಬಕೆಟ್‌ಗೆ ಹಾಕಿದೀವಿ.

ಬೆಂಕಿ ಆರಿಸೋ ಸಿಲಿಂಡರ್ ಇಲ್ವಾ ಅಂತ ಕೇಳ್ತೀರ. ಇದೆ, ಆಫೀಸ್ ಬಾಗಿಲ ಪಕ್ಕ, ಫೋಟೋಗೆ ಚೆನ್ನಾಗಿ ಕಾಣೋ ಜಾಗದಲ್ಲಿ. 2004ರಲ್ಲಿ ತಮಿಳುನಾಡಿನ ಕುಂಭಕೋಣಂ ಶಾಲೇಲಿ ಬೆಂಕಿ ಬಿದ್ದು 94 ಮಕ್ಕಳು ಹೋದ್ರಲ್ಲ, ಆಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೆಂಕಿ ಸುರಕ್ಷತೆ ಇರ್ಲೇಬೇಕು ಅಂತ ಆದೇಶ ಮಾಡ್ತು, ಎಲ್ರೂ ಕೆಂಪು ಸಿಲಿಂಡರ್ ತಗಲಾಕಿದ್ವಿ, ನಾವೂನೂ. ಆದ್ರೆ ಬೂತ್ ಒಳಗೆ ಹತ್ಕೊಂಡ್ರೆ ಸಿಲಿಂಡರ್ ಹಿಡ್ಕೊಂಡು ಒಳಗೆ ಹೋಗೋನು ಯಾರು? ಹದಿನೇಳು ವರ್ಷದ ಹುಡುಗನಾ?

ಅದಕ್ಕೇ ಬೂತ್ ತಾನೇ ಆರಿಸ್ಕೊಳ್ಳೋ ಹಾಗೆ ಮಾಡಿಸ್ಬೇಕು. ಮೇಲೆ ಡ್ರೈ ಪೌಡರ್ ಯೂನಿಟ್ ಕೂರಿಸ್ತಾರೆ, 68 ಡಿಗ್ರಿ ಮುಟ್ಟಿದ್ರೆ ಗಾಜಿನ ಬಲ್ಬ್ ಒಡೆದು ಪೌಡರ್ ಸುರಿಯುತ್ತೆ, ನಮ್ದು ಪೇಂಟ್ ಒಣಗಿಸೋ ಓವನ್ ಇಲ್ದಿರೋ ಬೂತ್ ಆದ್ರಿಂದ ಈ ಡಿಗ್ರಿ ಸಾಕು. ಡಕ್ಟ್ ಒಳಗೂ ಒಂದು ಬೇಕು. ಬಲ್ಬ್ ಮೇಲೆ ಪೇಂಟ್ ಕೂತ್ರೆ ಬಿಸಿ ತಗಲೋದು ತಡ ಆಗುತ್ತೆ ಅಂತ ತೆಳ್ಳನೆ ಸೆಲೋಫೇನ್ ಚೀಲ ತೊಡಿಸಿ ಆಗಾಗ ಬದಲಾಯಿಸ್ಬೇಕಂತೆ, ಆ ಕೆಲಸ ಹುಡುಗ್ರೇ ಮಾಡ್ತಾರೆ. ಬೆಂಕಿ ಕಂಡ ತಕ್ಷಣ ಗನ್ನಿಗೆ ಹೋಗೋ ಗಾಳಿ ಕಟ್ಟಾಗಿ ಬೆಲ್ ಹೊಡ್ಕೋಬೇಕು, ಫ್ಯಾನ್ ಓಡ್ತಿಲ್ಲ ಅಂದ್ರೆ ಗನ್ ಕೆಲಸಾನೇ ಮಾಡ್ಬಾರ್ದು, ಆ ವೈರಿಂಗೂ ಸೇರಿದೆ.

ಕೊಟೇಶನ್ ಹಿಂಗಿದೆ: ಪೌಡರ್ ಯೂನಿಟ್ಟು, ಪ್ಯಾನೆಲ್ ಸೇರಿ 1,90,000, ಫ್ಲೇಮ್‌ಪ್ರೂಫ್ (ಒಳಗಿನ ಬೆಂಕಿ ಹೊರಗಿನ ಆವಿಗೆ ತಗಲದ) ಮೋಟರ್, ಲೈಟು 1,35,000, ಹೊಸ ಡಕ್ಟು 85,000, ಪೇಂಟ್ ಥಿನ್ನರ್ ಇಡೋ ಸ್ಟೀಲ್ ಬೀರು, ಅರ್ಥಿಂಗು, ಮುಚ್ಚಳದ ಡಬ್ಬ 45,000, ಬೂತ್ ಹೊರಗೆ ಇಡೋ ಸಿಲಿಂಡರ್ರು, ಹುಡುಗ್ರಿಗೆ ತರಬೇತಿ 25,000. ಒಟ್ಟು 4,80,000 ರೂಪಾಯಿ. ಕಮಿಟಿಯವರು, ಮೇಷ್ಟ್ರುಗಳು ಸೇರಿ 1,10,000 ಹಾಕಿದೀವಿ, ಇನ್ನು 3,70,000 ಬೇಕು.

ಒಂದು ಮಾತು ಹೇಳ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ. ಗೇಟಿಗೆ ಕಮಾನು ಕಟ್ಟಿಸ್ತೀವಿ ಅಂದಾಗ ಒಂದೇ ವಾರದಲ್ಲಿ ದುಡ್ಡು ಬಂದಿತ್ತು, ಕಲ್ಲಲ್ಲಿ ಹೆಸರೂ ಬಂತು. ಇದ್ರಲ್ಲಿ ಹೆಸರು ಹಾಕೋಕೆ ಜಾಗಾನೇ ಇಲ್ಲ, ಬೂತ್ ಒಳಗೆ ಸ್ಟಿಕ್ಕರ್ ಅಂಟಿಸಿದ್ರೆ ಎರಡೇ ದಿನದಲ್ಲಿ ಪೇಂಟ್ ಮುಚ್ಚೋಗುತ್ತೆ. ರಸೀದಿ ಖಂಡಿತ ಕೊಡ್ತೀವಿ.

ದುಡ್ಡು ಟ್ರಸ್ಟಿನ ಬ್ಯಾಂಕ್ ಖಾತೆಗೇ ಹಾಕಿ, ಯಾರ ಪರ್ಸನಲ್ ನಂಬರ್‌ಗೂ ಫೋನ್ ಪೇ ಮಾಡ್ಬೇಡಿ, ನಂಗೂ ಬೇಡ. ನಗದು 2000ಕ್ಕಿಂತ ಜಾಸ್ತಿ ಕೊಟ್ರೆ ತೆರಿಗೆ ವಿನಾಯ್ತಿ ಸಿಗಲ್ಲ, ಅದಕ್ಕೆ ಚೆಕ್ ಇಲ್ಲ ಆನ್‌ಲೈನ್ ಒಳ್ಳೇದು. ನೂರು ರೂಪಾಯಿ ಆದ್ರೂ ಸರಿ. ದುಡ್ಡೇ ಆಗ್ಬೇಕು ಅಂತಿಲ್ಲ, ಹಳೇ ವಿದ್ಯಾರ್ಥಿಗಳಲ್ಲಿ ಯಾರಾದ್ರೂ ಪ್ಯಾನೆಲ್ ವೈರಿಂಗ್, ಡಕ್ಟ್ ಕೆಲಸ ಬಲ್ಲೋರು ಇದ್ರೆ ಎರಡು ಭಾನುವಾರ ಬನ್ನಿ, ಕೂಲಿ ಖರ್ಚು ಉಳಿಯುತ್ತೆ, ಊಟ ನಮ್ದು.

ಬೂತಿಗೆ ಅವತ್ತಿಂದ ಬೀಗ ಹಾಕಿದೀವಿ. ಹುಡುಗ್ರು ಸದ್ಯಕ್ಕೆ ಬ್ರಷ್ಷು, ಪುಟ್ಟಿ, ಉಜ್ಜೋದು ಇಷ್ಟರಲ್ಲೇ ಇದಾರೆ, ಪ್ರಾಕ್ಟಿಕಲ್ ಪರೀಕ್ಷೆ ಹತ್ರ ಬರ್ತಿದೆ, ದಿನಾ ಬಂದು "ಸಾರ್, ಗನ್ ಯಾವಾಗ ಕೊಡ್ತೀರಾ" ಅಂತಾರೆ. ಬಿಚ್ಚಿಟ್ಟ ಹಳೇ ಡಕ್ಟ್ ಇನ್ನೂ ಶೆಡ್ ಹೊರಗೆ ಬಿದ್ದಿದೆ, ನಂಬಿಕೆ ಬರ್ದಿರೋರು ಬಂದು ನೋಡಿ. ಶನಿವಾರ ಅರ್ಧ ದಿನ, ಬೆಳಿಗ್ಗೆನೇ ಬನ್ನಿ.