ಮೆಟಲ್ ಅಂದ್ರೆ ಬರೀ ಕಿರುಚಾಟ ಅಲ್ಲ

ಸಂಪಾದಕರೇ,
ಮೊನ್ನೆ ಭಾನುವಾರದ ಪುರವಣಿಲಿ ಮೆಟಲ್ ಸಂಗೀತ (ರಾಕ್ ಸಂಗೀತದಲ್ಲೇ ಜೋರಾದ ಒಂದು ಬಗೆ) ಅಂದ್ರೆ ಗದ್ದಲ ಅಷ್ಟೇ ಅನ್ನೋ ಥರ ಬರೆದಿದ್ದು ಓದಿ ಸುಮ್ನಿರಕ್ಕೆ ಆಗ್ಲಿಲ್ಲ. ಇಟಲಿಯ ತ್ರಿಯೆಸ್ತೆ ಊರಿನ ರ‍್ಯಾಪ್ಸಡಿ ಬ್ಯಾಂಡ್‌ನವ್ರು 1998ರಲ್ಲಿ ತಂದ ‘ಸಿಂಫನಿ ಆಫ್ ಎನ್‌ಚಾಂಟೆಡ್ ಲ್ಯಾಂಡ್ಸ್’ ಆಲ್ಬಂ ಕೇಳಿ ಸಾರ್, ಗಿಟಾರು ಡ್ರಮ್ಸ್ ಓಡ್ತಾ ಇರೋವಾಗ್ಲೇ ಹಿಂದಿಂದ ಕೋರಸ್ಸು, ಪಿಟೀಲು, ಹಾರ್ಪ್ಸಿಕಾರ್ಡ್ (ಪಿಯಾನೊ ಥರದ ಹಳೇ ವಾದ್ಯ) ಎಲ್ಲಾ ಸೇರ್ಕೊಂಡು ಸಿನಿಮಾ ನೋಡ್ದಂಗೆ ಆಗತ್ತೆ. ಕಥೆನೋ, ನಮ್ಮಜ್ಜಿ ಹೇಳ್ತಿದ್ದ ಏಳು ಸಮುದ್ರದಾಚೆ ಗಿಳಿ ಕಥೆ ಥರಾನೇ: ಹಿಮದ ಯೋಧನೊಬ್ಬ ಮೂರು ಕೀಲಿಕೈ ಹುಡುಕಿ, ದಂತದ ಬಾಗಿಲು ತೆಗೆದು, ಪಚ್ಚೆ ಖಡ್ಗ ತರ್ಬೇಕು, ದುಷ್ಟ ಅಕ್ರಾನ್‌ನ ಸೋಲಿಸಕ್ಕೆ. ಈ ಒಂದೇ ಕಥೆನ 1997ರಿಂದ 2002ರವರೆಗೂ ಆಲ್ಬಂ ಮೇಲೆ ಆಲ್ಬಂ ಎಳೆದಿದಾರೆ, ಗಿಟಾರಿಸ್ಟ್ ಲುಕಾ ತುರಿಲ್ಲಿನೇ ಬರೆದಿದ್ದು. ನಡುವೆ ಬರೋ ನಿರೂಪಣೆ ಸ್ವಲ್ಪ ಓವರ್, ನಗು ಬರತ್ತೆ, ಒಪ್ಕೋತೀನಿ. ಆದ್ರೆ 2004ರಲ್ಲಿ ಬಂದ ‘ಸಿಂಫನಿ’ ಆಲ್ಬಂನ ಎರಡನೇ ಭಾಗದ ನಿರೂಪಣೆಗೆ, ಸಿನಿಮಾದಲ್ಲಿ ಡ್ರಾಕುಲಾ ಪಾತ್ರ ಮಾಡಿದ್ದ ನಟ ಕ್ರಿಸ್ಟೋಫರ್ ಲೀ ದನಿ ಕೊಟ್ರು ನೋಡಿ, ಆಮೇಲೆ ಯಾರೂ ನಗಲಿಲ್ಲ! ಇನ್ನೊಂದ್ಸಲ ಮೆಟಲ್ ಬಗ್ಗೆ ಬರೆಯೋಕ್ಮುಂಚೆ ‘ಎಮರಾಲ್ಡ್ ಸ್ವೋರ್ಡ್’ ಹಾಡೊಂದಾದ್ರೂ ಜೋರಾಗಿ ಹಾಕಿ ಕೇಳಿ, ಪಕ್ಕದ್ಮನೆಯವ್ರು ಬೈದ್ರೆ ಬೈಲಿ.
– ಒಬ್ಬ ಓದುಗ, ಮೈಸೂರು